ಗ್ರೀಕ್ ಸರದಾರನ ಕಾಲಿನ ಕಿಲುಬು

ಈ ದೇಶದಲ್ಲಿ ನಾನು ಕಣ್ಣು ಬಿಟ್ಟ ಮೊದಲ ಬೆಳಿಗ್ಗೆ ಒಬ್ಬ ಹಸಿರು ಮನುಷ್ಯ ನಮ್ಮ ಮನೆಯನ್ನೇ ನೋಡುತ್ತ ನಿಂತಿದ್ದ. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಸ್ತೆ, ಮರ, ಎದುರು ಮನೆ ಒಂದೂ ಕಾಣುತ್ತಿರಲಿಲ್ಲ. ಅವನೊಬ್ಬನೇ ಕಾಣುತ್ತಿದ್ದ. ದೊಡ್ಡ ಮೀಸೆ, ಸೊಂಟಕ್ಕೆ ಸುತ್ತಿದ ಪಟ್ಟಿ, ಬರಿಗಾಲು, ಎತ್ತಿದ ಕೈಯಲ್ಲಿ ಒಂದು ಪಂಜು. ಕಿಟಕಿಗೆ ಪರದೆ ಇರಲಿಲ್ಲ; ಇಲ್ಲಿನವರಲ್ಲಿ ಬಹಳ ಮಂದಿ ಪರದೆಯನ್ನೇ ಹಾಕುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ನಾನು ಕಿರುಚಿದ್ದಕ್ಕೆ, ಹಲ್ಲುಜ್ಜುತ್ತಿದ್ದ ಗಂಡ ಮಹಾಂತೇಶ ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿ ಬಂದ.

"ಏ ಹುಚ್ಚಿ, ಗೊಂಬಿ ಅದು. ಕಂಚಿಂದು," ಎಂದು ಹೇಳಿ ಹೋಗಿ ಬಾಯಿ ತೊಳೆದುಕೊಂಡ.

ನಮ್ಮ ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಎಂದು ಮುಂದೆ ತಿಳಿಯುತ್ತದೆ. ನೆದರ್‌ಲ್ಯಾಂಡ್ಸ್‌ನ ಕಡಲ ಪಕ್ಕದಲ್ಲಿ, ನೂರ್ಡ್‌ವೈಕ್‌ನಿಂದ ಸೈಕಲ್ಲಿನಲ್ಲಿ ಹೋಗಿಬರಬಹುದಾದ ಒಂದು ಸಣ್ಣ ಊರು ಎಂದರೆ ಸಾಕು. ಮಹಾಂತೇಶ ನೂರ್ಡ್‌ವೈಕ್‌ನಲ್ಲಿ ಎಂಜಿನಿಯರ್; ಉಪಗ್ರಹದ ಬಿಡಿಭಾಗಗಳನ್ನು ಗಡಗಡ ಅಲ್ಲಾಡಿಸಿ, ತಡೆಯುತ್ತವೋ ಮುರಿಯುತ್ತವೋ ಎಂದು ನೋಡುವುದು ಅವನ ಕೆಲಸ. ಅವನು ಬಾಗಲಕೋಟೆ ಕಡೆಯವನು. ನಾನು ಮೈಸೂರಿನವಳು, ಸಸ್ಯರೋಗಗಳ ಬಗ್ಗೆ ಓದಿದವಳು. ಬಂದ ವರ್ಷದೊಳಗೇ ನನಗೂ ಟ್ಯುಲಿಪ್ ಗಡ್ಡೆ ಬೆಳೆಯುವ ಒಂದು ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಗಡ್ಡೆಗೆ ವೈರಸ್ ತಗಲಿದೆಯೇ ಎಂದು ಪರೀಕ್ಷಿಸುವುದು, ತಗಲಿದ್ದರೆ ಆ ಸಾಲನ್ನೇ ಕಿತ್ತೆಸೆಯಲು ಬರೆದುಕೊಡುವುದು ನನ್ನ ಕೆಲಸ.

ನಮ್ಮ ಮನೆಯ ಮುಂದಿನ ಚೌಕದಲ್ಲಿ ಆ ಪ್ರತಿಮೆ ನಿಂತಿರುವ ಕಟ್ಟೆ ಮೊಣಕಾಲೆತ್ತರದ್ದು. ಅದರ ಮೇಲೆ ಡಚ್‌ನಲ್ಲೂ ಗ್ರೀಕ್‌ನಲ್ಲೂ ಬರೆದಿದ್ದಾರೆ. ಗ್ರೀಕರು ಸ್ವಾತಂತ್ರ್ಯಕ್ಕಾಗಿ ಹೋರಾಡಿದಾಗ, ಸಣ್ಣ ಹಡಗಿನಲ್ಲಿ ಹೋಗಿ ಶತ್ರುವಿನ ದೊಡ್ಡ ಹಡಗಿಗೆ ಬೆಂಕಿ ಇಟ್ಟು ಬಂದ ನೌಕಾನಾಯಕನಂತೆ. ಒಂದು ಕಾಲದಲ್ಲಿ ಈ ಕಡೆಯ ಹಡಗುಗಳಲ್ಲಿ ದುಡಿದು ಇಲ್ಲೇ ನೆಲೆನಿಂತ ಗ್ರೀಕ್ ನಾವಿಕರು ತಮ್ಮ ನಾಡಿನ ನೆನಪಿಗೆ ಮಾಡಿಸಿ ಊರಿಗೆ ಕೊಟ್ಟದ್ದು. ಆ ನಾವಿಕರಲ್ಲಿ ಈಗ ಯಾರೂ ಉಳಿದಿಲ್ಲ. ಅವರ ಮಕ್ಕಳು ಯಾವ್ಯಾವುದೋ ಊರು ಸೇರಿದ್ದಾರೆ.

ನಾನು ಹುಟ್ಟಾ ಪುಕ್ಕಲಿ. ಆದರೆ ಮೈಸೂರಿನಲ್ಲಿ ನನ್ನ ಹೆದರಿಕೆಗೆ ಒಂದು ಮುಖ ಇರುತ್ತಿತ್ತು: ಟ್ರಾಫಿಕ್ ಪೊಲೀಸು, ಮನೆ ಮಾಲೀಕ, ಬೀದಿ ನಾಯಿ. ಅಲ್ಲಿ ತಪ್ಪು ಮಾಡಿದರೆ ಯಾರಾದರೂ ಬೈಯುತ್ತಾರೆ, ನಾವೂ ಎರಡು ಮಾತು ಆಡುತ್ತೇವೆ, ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಯಾರೂ ಬೈಯುವುದಿಲ್ಲ. ಕಾಗದ ಬರುತ್ತದೆ. ಬಂದ ಹೊಸದರಲ್ಲಿ ರಟ್ಟಿನ ಪೆಟ್ಟಿಗೆಯೊಂದನ್ನು ಕಸದ ತೊಟ್ಟಿಯ ಪಕ್ಕ ಇಟ್ಟು ಬಂದಿದ್ದೆ. ಪೆಟ್ಟಿಗೆಯ ಮೇಲಿದ್ದ ವಿಳಾಸ ಹಿಡಿದು 'ಖಮೇಂಟೆ'ಯಿಂದ ಕಾಗದ ಬಂತು. ಖಮೇಂಟೆ ಎಂದರೆ ಪುರಸಭೆ. ಆ ಮೊದಲ ಅಕ್ಷರವನ್ನು ಗಂಟಲಲ್ಲಿ ಕಫ ಕಟ್ಟಿದವರ ಹಾಗೆ ಹೇಳಬೇಕು. ಕಾಗದದಲ್ಲಿ ಬೈಗುಳ ಒಂದೂ ಇರಲಿಲ್ಲ, 'ಮಾನ್ಯ ಮೇಡಂ' ಎಂದು ಶುರುವಾಗಿತ್ತು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವತ್ತಿನಿಂದ ಅಂಚೆ ಡಬ್ಬಿಯ ಮುಚ್ಚಳದ ಸದ್ದು ಕೇಳಿದರೆ ನನ್ನ ಎದೆ ಒಮ್ಮೆ ಹೊಡೆದುಕೊಳ್ಳುತ್ತಿತ್ತು. ಗಂಡನ ಕೆಲಸದ ಗುತ್ತಿಗೆ, ಇಲ್ಲಿ ವಾಸಿಸಲು ನಮ್ಮಿಬ್ಬರಿಗೆ ಕೊಟ್ಟ ಪರವಾನಗಿ ಎಲ್ಲವೂ ಒಂದೊಂದು ಕಾಗದದ ಮೇಲೆ ನಿಂತಿತ್ತು. ಇನ್ನೊಂದು ಕಾಗದ ಬಂದು ಅದನ್ನು ಅಳಿಸಿಬಿಡಬಹುದು ಎಂದು ನಾನು ನಂಬಿದ್ದೆ.

ಉಳಿದದ್ದನ್ನೆಲ್ಲ ಕಲಿತೆ. ಏಣಿಯಂಥ ಕಡಿದಾದ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವುದು ಕಲಿತೆ. ಡೆನ್ ಹಾಗ್‌ನ ಒಂದು ಟೋಕೋದಲ್ಲಿ, ಅಂದರೆ ಏಷ್ಯಾದ ಸಾಮಾನು ಮಾರುವ ಅಂಗಡಿಯಲ್ಲಿ, ಜೋಳದ ಹಿಟ್ಟು ಮತ್ತು ಇಟ್ಟಿಗೆಯಂತೆ ಒತ್ತಿದ ಹುಣಸೆಹಣ್ಣು ಸಿಗುತ್ತದೆಂದು ಕಂಡುಕೊಂಡೆ. ಬ್ರೆಡ್ ಅಂಗಡಿಯ ಹುಡುಗಿ ಇಂಗ್ಲಿಷಿಗೆ ತಿರುಗದ ಹಾಗೆ ಒಂದು ಇಡೀ ವಾಕ್ಯ ಡಚ್‌ನಲ್ಲಿ ಹೇಳಿ ಮುಗಿಸಿದ ದಿನ ಮನೆಗೆ ಬಂದು ಶಾವಿಗೆ ಪಾಯಸ ಮಾಡಿದ್ದೆ.

ಮೂರು ತಿಂಗಳು ಇದ್ದು ಹೋಗಲೆಂದು ಅತ್ತೆ ಬಂದದ್ದು ಆ ಕೆಟ್ಟ ರೋಗ ಶುರುವಾದ ವರ್ಷವೇ, ಚಳಿಗಾಲದ ಕೊನೆಗೆ. ಅತ್ತೆಯ ಹೆಸರು ನೀಲವ್ವ. ತೆಳ್ಳನೆಯ ಜೀವ, ಇಳಕಲ್ ಸೀರೆ, ಅದರ ಮೇಲೆ ಮಗನ ಹಳೆಯ ಜಾಕೆಟ್. ಬಂದ ಮರುದಿನವೇ ಚೌಕಕ್ಕೆ ಇಳಿದು ಪ್ರತಿಮೆಯನ್ನು ಸುತ್ತು ಹಾಕಿ ನೋಡಿದರು.

"ಯಾರ್ ಇಂವ?"

"ಹಡಗಿನ ನಾಯಕ ಅತ್ತೆ. ಗ್ರೀಸ್ ಅಂತ ಬೇರೆ ದೇಶದವನು. ದೊಡ್ಡ ವೀರ."

"ಸರದಾರ ಅನ್ನು. ಮೀಸಿ ನೋಡಿದ್ರ ಗೊತ್ತಾಕ್ಕೈತಿ." ಅತ್ತೆ ಅವನ ಪಾದದ ಮೇಲೆ ಬೆರಳಾಡಿಸಿ, ಬೆರಳನ್ನು ನನಗೆ ತೋರಿಸಿದರು. "ಮೈತುಂಬ ಕಿಲುಬು ಹಿಡದೈತಲ್ಲ ಯವ್ವಾ. ಇವಂಗ ಯಾರೂ ದಿಕ್ಕಿಲ್ಲೇನು?"

ಇಲ್ಲಿ ಹಾಗಲ್ಲ ಎಂದು ವಿವರಿಸಿದೆ. ಹೊರಗೆ ನಿಂತ ಕಂಚು ಹಸಿರಾದರೆ ಇಲ್ಲಿನವರಿಗೆ ಅದೇ ಚೆಂದ. ಅದನ್ನು ಬೆಳೆಯಲು ಬಿಡುತ್ತಾರೆ, ಕಾಪಾಡುತ್ತಾರೆ. ಅತ್ತೆ ಕೇಳಿಸಿಕೊಂಡರು, ಒಪ್ಪಲಿಲ್ಲ. ಅವರ ತವರೂರಿನಲ್ಲಿ ವೀರಭದ್ರನ ಕಂಚಿನ ಮುಖವನ್ನು ತೊಳೆಯುವ ಪಾಳಿ ಮನೆಮನೆಗೆ ಬರುತ್ತದೆ. ತಿಂಗಳಿಗೆ ಒಂದು ಮನೆ. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು, ಆಮೇಲೆ ಸೋಸಿದ ಬೂದಿ. ತನ್ನ ಪಾಳಿಯಲ್ಲಿ ಕಿಲುಬು ಕಂಡಿತೆಂದು ಯಾರಾದರೂ ಅಂದರೆ ಆ ಮನೆಯ ಹೆಂಗಸು ಬಾವಿಕಟ್ಟೆಗೆ ಮುಖ ತೋರಿಸುವುದಿಲ್ಲವಂತೆ. ಅಲ್ಲಿ ಹೊಳಪೇ ಮರ್ಯಾದೆ. ಇಲ್ಲಿ ಹಸಿರೇ ಮರ್ಯಾದೆ. ಇಷ್ಟು ಸಣ್ಣ ಸಂಗತಿಯಿಂದ ನಮ್ಮ ಮನೆ ಒಡೆಯಬಹುದು ಎಂದು ಆಗ ಯಾರಿಗೆ ಹೊಳೆಯಬೇಕು.

ಆಮೇಲೆ ಎಲ್ಲ ಮುಚ್ಚಿತು. ವಿಮಾನಗಳು ನಿಂತವು. ಅತ್ತೆಯ ವೀಸಾದ ಅವಧಿ ಮುಗಿಯಿತು. ವಿಮಾನ ಇಲ್ಲದ್ದರಿಂದ ಸದ್ಯಕ್ಕೆ ಇರಬಹುದು ಎಂಬ ಒಂದು ತಾತ್ಕಾಲಿಕ ಕಾಗದ ಸಿಕ್ಕಿತು. 'ತಾತ್ಕಾಲಿಕ' ಎಂಬ ಆ ಡಚ್ ಪದವನ್ನು ನಾನು ನಿಘಂಟಿನಲ್ಲಿ ಮೂರು ಸಲ ನೋಡಿದೆ.

ಬೇಸಿಗೆ ಹತ್ತಿರವಾಗಿ, ಎಲ್ಲರೂ ಉಸಿರು ಬಿಡುತ್ತಿದ್ದ ಹೊತ್ತಿನಲ್ಲಿ ಮಹಾಂತೇಶನಿಗೆ ಜ್ವರ ಬಂತು. ಐದನೆಯ ದಿನ ಮಧ್ಯಾಹ್ನ ಅವನ ತುಟಿಯ ಬಣ್ಣ ನೋಡಿ ತುರ್ತು ನಂಬರಿಗೆ ಫೋನು ಮಾಡಿದೆ. ಹಳದಿ ಆಂಬುಲೆನ್ಸ್ ಬಂತು. ಇಬ್ಬರು ಮುಖವೇ ಕಾಣದ ಹಾಗೆ ಮುಚ್ಚಿಕೊಂಡು ಮೇಲೆ ಬಂದು, ಅವನನ್ನು ಕುರ್ಚಿಗೆ ಕಟ್ಟಿ ಆ ಕಡಿದಾದ ಮೆಟ್ಟಿಲಲ್ಲಿ ಇಳಿಸಿದರು. ನಾವು ಕೆಳಗೆ ಬರುವ ಹಾಗಿರಲಿಲ್ಲ. ಬಾಗಲಕೋಟೆಯಲ್ಲಾಗಿದ್ದರೆ ಇಡೀ ಓಣಿ ಗಾಡಿಯ ಹಿಂದೆ ಆಸ್ಪತ್ರೆಗೆ ಹೋಗಿರುತ್ತಿತ್ತು. ಇಲ್ಲಿ ನಾನು ಮತ್ತು ಅತ್ತೆ ಪರದೆಯಿಲ್ಲದ ಕಿಟಕಿಯಲ್ಲಿ ನಿಂತು ಗಾಡಿ ತಿರುಗುವುದನ್ನು ನೋಡಿದೆವು.

ಮೂರನೆಯ ದಿನ ಅವನನ್ನು ಪ್ರಜ್ಞೆ ತಪ್ಪಿಸಿ ಉಸಿರಾಟದ ಯಂತ್ರಕ್ಕೆ ಹಾಕಿದರು. ದಿನಕ್ಕೊಂದು ಸಲ, ಮಧ್ಯಾಹ್ನ ಎರಡರ ಸುಮಾರಿಗೆ, ಆಸ್ಪತ್ರೆಯಿಂದ ಫೋನು ಬರುತ್ತಿತ್ತು. 'ಹಾಗೇ ಇದ್ದಾರೆ' ಎನ್ನುತ್ತಿದ್ದರು. ಕೊನೆಗೆ 'ಸ್ಟೆರ್ಕ್ಟೆ' ಎಂದು ಹೇಳಿ ಇಡುತ್ತಿದ್ದರು. ಕಷ್ಟದಲ್ಲಿರುವವರಿಗೆ ಇಲ್ಲಿ ಹೇಳುವ ಮಾತು ಅದು. ಶಕ್ತಿ ಬರಲಿ ಎಂದರ್ಥ. ಎರಡಕ್ಕೆ ಐದು ನಿಮಿಷ ಇರುವಾಗ ಅತ್ತೆ ಬಂದು ಫೋನಿನ ಎದುರು ನೆಲದ ಮೇಲೆ ಕೂರುತ್ತಿದ್ದರು. ನಾನು ಇಟ್ಟ ಮೇಲೆ ಒಂದೇ ಪ್ರಶ್ನೆ.

"ಮಾಂತೂನ ಮೈ ಯಾರು ತೊಳೀತಾರ ಅಲ್ಲಿ?"

"ನರ್ಸ್‌ಗಳು ಅತ್ತೆ. ದಿನಾ ಒರೆಸ್ತಾರಂತೆ."

"ಪಾಪ, ಯಾರ ಹೆಣ್ಣಮಕ್ಕಳೋ," ಎನ್ನುತ್ತಿದ್ದರು.

ನಾವಿಬ್ಬರೂ ಮನೆಯೊಳಗೇ ಇರಬೇಕಾಗಿದ್ದ ಆ ದಿನಗಳಲ್ಲಿ ನಮಗೆ ಹಾಲು, ತರಕಾರಿ ತಂದು ಬಾಗಿಲಲ್ಲಿಟ್ಟು ಗಂಟೆ ಬಾರಿಸಿ ಹೋಗುತ್ತಿದ್ದವಳು ಎದುರು ಮನೆಯ ಮರೈಕೆ. ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಒಬ್ಬಳೇ ಇರುತ್ತಾಳೆ. ಪರಿಚಯ ಎಂದರೆ ಅಷ್ಟಕ್ಕಷ್ಟೇ ಇತ್ತು. ಆದರೂ ಹನ್ನೆರಡು ದಿನ ಒಂದು ದಿನವೂ ತಪ್ಪಿಸಲಿಲ್ಲ.

ನಮ್ಮ ಗಡುವು ಮುಗಿದ ಮೇಲೆ ಅತ್ತೆ ಬೆಳಿಗ್ಗೆ ಆರಕ್ಕೆ ಅಡ್ಡಾಡಲು ಹೋಗತೊಡಗಿದರು. ಬೇಸಿಗೆಯಲ್ಲಿ ಇಲ್ಲಿ ಆ ಹೊತ್ತಿಗೆಲ್ಲ ಬಿಸಿಲು ಬಿದ್ದಿರುತ್ತದೆ, ಜನ ಮಾತ್ರ ಇರುವುದಿಲ್ಲ. ಹೋಗಲಿ, ಗಾಳಿ ಬೆಳಕು ತಾಗಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅವರ ಎದುರು ಧೈರ್ಯದ ಮುಖ ಇಟ್ಟುಕೊಂಡು ಸಾಕಾಗಿತ್ತು. ಆ ಒಂದು ಗಂಟೆ ನನಗೆ ಅಳಲು ಸಿಗುತ್ತಿತ್ತು. ಅತ್ತೆ ಜಾಕೆಟಿನ ಕಿಸೆಯಲ್ಲಿ ಏನು ಇಟ್ಟುಕೊಂಡು ಹೋಗುತ್ತಾರೆ ಎಂದು ನೋಡಲಿಲ್ಲ. ಹುಣಸೆಹಣ್ಣಿನ ಇಟ್ಟಿಗೆ ಅರ್ಧವಾದದ್ದನ್ನು ನೋಡಿದೆ. ಸಾರಿಗೆ ಜಾಸ್ತಿ ಹಾಕುತ್ತಿದ್ದಾರೆ ಎಂದುಕೊಂಡೆ.

ಇಲ್ಲಿ ಪ್ರತಿ ಬೀದಿಯವರದ್ದೂ ಒಂದು ವಾಟ್ಸಾಪ್ ಗುಂಪು ಇರುತ್ತದೆ. ಕಳ್ಳಕಾಕರ ಸುಳಿವು, ಕಳೆದುಹೋದ ಬೆಕ್ಕು, ಇಂಥವನ್ನು ಹಾಕುತ್ತಾರೆ. ಒಂದು ದಿನ ಹತ್ತು ಗಂಟೆಗೆ ಅದರಲ್ಲಿ ಒಂದು ಫೋಟೋ ಬಂತು. ಗ್ರೀಕ್ ನಾಯಕನ ಬಲಗಾಲು. ಹೆಬ್ಬೆರಳಿಂದ ಹರಡಿನವರೆಗೆ ಹಸಿರು ಹೋಗಿ ಹೊಸ ಚೆಂಬಿನಂತೆ ಹೊಳೆಯುತ್ತಿತ್ತು. ಕೆಳಗೆ ಒಬ್ಬರು ಬರೆದಿದ್ದರು: ಯಾರೋ ಆಸಿಡ್ ಹಾಕಿದ್ದಾರೆ. ಆ ತಿಂಗಳಲ್ಲೇ ಯುರೋಪಿನ ಬೇರೆಬೇರೆ ಊರುಗಳಲ್ಲಿ ಹಳೆಯ ಪ್ರತಿಮೆಗಳಿಗೆ ಬಣ್ಣ ಎರಚುವುದು, ಹಗ್ಗ ಹಾಕಿ ಎಳೆಯುವುದು ನಡೆದಿತ್ತು. ಗುಲಾಮರನ್ನು ಮಾರಿದವರ ಪ್ರತಿಮೆ ಯಾಕಿರಬೇಕು ಎಂಬ ಜಗಳ ಅದು. ಇನ್ನೊಬ್ಬರು ಬರೆದರು: ಅಂಥ ಪ್ರತಿಮೆಗಳು ಬೇಡ ಎಂಬ ಫಲಕ ಇಟ್ಟುಕೊಂಡವರು ಈ ಬೀದಿಯಲ್ಲೂ ಇದ್ದಾರೆ. ಮೂರನೆಯವರು: ಪೊಲೀಸರಿಗೆ ತಿಳಿಸಲಾಗಿದೆ, ಯಾರಾದರೂ ನೋಡಿದ್ದರೆ ಮುಂದೆ ಬನ್ನಿ. ಕಿಟಕಿಯಲ್ಲಿ ಅಂಥ ಫಲಕ ಇಟ್ಟಿದ್ದವಳು ನಮ್ಮ ಬೀದಿಯಲ್ಲಿ ಒಬ್ಬಳೇ, ಮರೈಕೆ.

ನಾನು ಅಡುಗೆಮನೆಗೆ ಹೋಗಿ ಅತ್ತೆಯ ಕೈ ಹಿಡಿದು ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಹಸಿರು.

"ಅತ್ತೆ, ಆ ಸ್ಟ್ಯಾಚ್ಯೂನ ನೀವು ತೊಳೆದ್ರಾ?"

"ಒಂದ ಕಾಲು ಆಗೈತಿ. ಭಾಳ ವರ್ಷದ ಕಿಲುಬು, ಬಿಡವಲ್ದು. ಎಂಟು ಮುಂಜಾನಿ ಹಿಡೀತು." ಅವರ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. "ನಾಳಿಂದ ಎಡಗಾಲು."

"ಅವನು ದೇವರಲ್ಲ ಅತ್ತೆ."

"ದೇವರಲ್ಲ ಅನ್ನೂದು ನನಗ ಗೊತ್ತಿಲ್ಲೇನು? ನಾ ಹರಕಿ ಹೊತ್ತಿಲ್ಲ." ಕೈ ಬಿಡಿಸಿಕೊಂಡು ಹೇಳಿದರು. "ನನ್ನ ಮಗನ ಮೈ ಅಲ್ಲಿ ಯಾರೋ ತೊಳ್ಯಾಕತ್ತಾರ. ನಾ ಅವರ ಮನಿಗೆ ಹೋಗಿ ದುಡದು ತೀರಸಾಕ ಆಗೂದಿಲ್ಲ. ಇಂವ ಒಬ್ಬ ನಿಂತಾನ, ಇವನೂ ಯಾರದೋ ಮಗ, ಇವನ ಊರೂ ದೂರ ಐತಿ. ನಾ ಇವನ್ನ ತೊಳೀತೀನಿ. ಮುಯ್ಯಾಳು ಅಂತ ತಿಳಕೋ."

ಮುಯ್ಯಾಳು ಏನೆಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಇವತ್ತು ಅವರು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ಅವರ ಹೊಲಕ್ಕೆ. ಅತ್ತೆ ಹುಟ್ಟಿದಾಗಿನಿಂದ ನಂಬಿದ ನ್ಯಾಯ ಅದು. ನಾನು ಅವತ್ತು ಆ ಮಾತನ್ನು ಪೂರ್ತಿ ಕೇಳಿಸಿಕೊಂಡೆ ಎಂದು ಹೇಳಲಾರೆ. ನನ್ನ ಕಿವಿಯಲ್ಲಿ ಅಂಚೆ ಡಬ್ಬಿಯ ಸದ್ದೇ ತುಂಬಿತ್ತು. ಸಾರ್ವಜನಿಕ ಆಸ್ತಿ ಹಾಳು ಮಾಡಿದ ಆರೋಪ. ಅವಧಿ ಮುಗಿದ ವೀಸಾ. ಮುಂದಿನ ತಿಂಗಳು ನವೀಕರಿಸಬೇಕಾದ ಗಂಡನ ಗುತ್ತಿಗೆ, ಆ ಗಂಡ ಯಂತ್ರದ ಮೇಲೆ. ಪೊಲೀಸರು ಬಂದು ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಈ ಹೆಂಗಸನ್ನು ಕರೆದುಕೊಂಡು ಹೋದರೆ? ಎಲ್ಲರ ಪರವಾನಗಿ ಒಟ್ಟಿಗೆ ರದ್ದಾದರೆ? ಅವನು ಕಣ್ಣು ಬಿಟ್ಟಾಗ ನಾವು ಯಾರೂ ಇಲ್ಲಿ ಇಲ್ಲದಿದ್ದರೆ?

"ಇನ್ಮೇಲೆ ಅಲ್ಲಿಗೆ ಹೋಗ್ಬೇಡಿ," ಎಂದೆ. ಸಿಂಕಿನ ಕೆಳಗಿದ್ದ ಉಜ್ಜುವ ನಾರು, ಉಳಿದ ಹುಣಸೆಹಣ್ಣು ಎರಡನ್ನೂ ಚೀಲಕ್ಕೆ ಹಾಕಿ, ಸೈಕಲ್ ಹತ್ತಿ, ಪಕ್ಕದ ಊರಿನ ಕಸದ ತೊಟ್ಟಿಗೆ ಹಾಕಿ ಬಂದೆ. ಆ ಚೀಲದ ಮೇಲೆ ವಿಳಾಸ ಇಲ್ಲವೆಂದು ನಾಲ್ಕು ಸಲ ನೋಡಿದ್ದೆ.

ಭಾರತಕ್ಕೆ ಹೋಗುವ ವಿಶೇಷ ವಿಮಾನಗಳು ಆಗ ಶುರುವಾಗಿದ್ದವು. ಸಿಕ್ಕಿಬಿದ್ದವರು ಹೆಸರು ಬರೆಸಿ ಕಾಯಬೇಕಿತ್ತು. ಮಗ ಮನೆಗೆ ಬಂದ ಮೇಲೆ ಬರೆಸಿದರಾಯಿತು ಎಂದು ನಾವು ಬಿಟ್ಟಿದ್ದೆವು. ಅವತ್ತು ಮಧ್ಯಾಹ್ನವೇ ಬರೆಸಿದೆ. ವಯಸ್ಸಾದವರಿಗೆ ಮೊದಲು ಕೊಡುತ್ತಿದ್ದರು. ಆರನೆಯ ದಿನದ ವಿಮಾನದಲ್ಲಿ ಸೀಟು ಸಿಕ್ಕಿಬಿಟ್ಟಿತು. ಅತ್ತೆಗೆ ಸುಳ್ಳು ಹೇಳಿದೆ. ಸರ್ಕಾರದಿಂದ ಕಾಗದ ಬಂದಿದೆ, ಈ ವಿಮಾನದಲ್ಲಿ ಹೋಗದಿದ್ದರೆ ಮಹಾಂತೇಶನ ಕೆಲಸಕ್ಕೆ ತೊಂದರೆ ಎಂದೆ. ಕಾಗದ ಬಂದಿರಲಿಲ್ಲ.

"ಮಾಂತೂನ ಮುಖ ಒಮ್ಮೆ ನೋಡಿ ಹೋಗ್ತೀನಲ್ಲ ತಂಗಿ."

"ನೋಡಕ್ಕೆ ಬಿಡಲ್ಲ ಅತ್ತೆ."

"ಕಣ್ಣ ಬಿಟ್ಟ ಮ್ಯಾಲ? ಫೋನಿನ್ಯಾಗರ? ಅಂವ ಕಣ್ಣ ಬಿಟ್ಟಾಗ ಈ ದೇಶದಾಗ ನಾ ಇದ್ರ ಸಾಕು."

"ಮುಂದಿನ ವಿಮಾನ ಯಾವಾಗ್ಲೋ ಗೊತ್ತಿಲ್ಲ," ಎಂದೆ. ಅದೂ ಸುಳ್ಳು. ಮುಂದಿನ ವಾರವೇ ಇತ್ತು.

ಅತ್ತೆ ಮತ್ತೆ ಕೇಳಲಿಲ್ಲ. ಮಗನ ಕೆಲಸ ಎಂದ ಮೇಲೆ ಅವರಿಗೆ ಬೇರೆ ಮಾತಿಲ್ಲ. ಉಳಿದ ಐದು ದಿನ ಬೆಳಿಗ್ಗೆ ಆರಕ್ಕೆ ಎದ್ದು ಕಿಟಕಿಯಲ್ಲಿ ಕೂತು ಪ್ರತಿಮೆಯನ್ನು ನೋಡುತ್ತಿದ್ದರು. ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವವರನ್ನು ಒಳಗೆ ಬಿಡಲಿಲ್ಲ. ಮಾಸ್ಕು, ಮುಖದ ಮುಂದೆ ಪ್ಲಾಸ್ಟಿಕ್ ಹಾಳೆ, ಕೈಗವಸು ಹಾಕಿಕೊಂಡ ಅತ್ತೆ ಬಾಗಿಲಲ್ಲಿ ತಿರುಗಿ, "ಎರಡಕ್ಕ ಫೋನು ಬರ್ತೈತಿ, ಮನಿಗೆ ಲಗೂನ ಹೋಗು," ಎಂದರು. ಒಳಗೆ ಹೋದ ಮೇಲೆ ಯಾರು ಅತ್ತೆ ಎಂದು ಗುರುತು ಸಿಗಲಿಲ್ಲ. ಎಲ್ಲರೂ ಹಾಗೇ ಕಾಣುತ್ತಿದ್ದರು.

ಅತ್ತೆ ಹೋದ ಮೂರನೆಯ ದಿನ ಆಸ್ಪತ್ರೆಯ ಫೋನು ಎರಡಕ್ಕೆ ಬರಲಿಲ್ಲ, ಹನ್ನೊಂದಕ್ಕೇ ಬಂತು. ನಾನು ಎತ್ತದೆ ಅದನ್ನೇ ನೋಡುತ್ತ ಕೂತೆ. ಎರಡನೆಯ ಸಲ ಬಂದಾಗ ಎತ್ತಿದೆ. ಯಂತ್ರ ತೆಗೆದಿದ್ದೇವೆ, ಕಣ್ಣು ಬಿಟ್ಟಿದ್ದಾನೆ, ಏನೋ ಹೇಳುತ್ತಿದ್ದಾನೆ, ನಮಗೆ ಅರ್ಥವಾಗುತ್ತಿಲ್ಲ ಎಂದರು. ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದರು. ಗಾಳಿಯಂಥ ಸ್ವರದಲ್ಲಿ ಅವನು ಕೇಳುತ್ತಿದ್ದ: "ಅವ್ವ ಎಲ್ಲಿ?"

"ವೀಸಾ ಮುಗೀತು. ಕಳಿಸಬೇಕಾಯ್ತು," ಎಂದೆ.

ಖಮೇಂಟೆಗೆ ಹೋಗಿ ಒಪ್ಪಿಕೊಂಡದ್ದು ಅದಾದ ಮೂರು ದಿನಕ್ಕೆ. ಧೈರ್ಯ ಬಂತೆಂದು ಅಲ್ಲ. ಗುಂಪಿನಲ್ಲಿ ಮರೈಕೆಯ ಹೆಸರು ಹಿಡಿದೇ ಬರೆಯತೊಡಗಿದ್ದರು. ಯಾರೋ ಅವಳ ಬಾಗಿಲಿಗೆ ಮೊಟ್ಟೆ ಹೊಡೆದಿದ್ದರು. ನಾನು ಅವಳ ಕಿಟಕಿ ನೋಡದೆ ಹಿಂದಿನ ಗಲ್ಲಿಯಿಂದ ಓಡಾಡುತ್ತಿದ್ದೆ. ಹಿಂದಿನ ಗಲ್ಲಿಯಲ್ಲೇ ಒಂದು ದಿನ ಎದುರು ಸಿಕ್ಕಳು. 'ನಿನ್ನ ಗಂಡ ಹೇಗಿದ್ದಾನೆ?' ಎಂದು ಕೇಳಿದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಹೊರಟೆ.

ಕಲೆಯ ವಿಭಾಗದ ಅಧಿಕಾರಿ ನನ್ನ ವಯಸ್ಸಿನವನು. ಗಾಜಿನ ಆಚೆ ಕೂತು, ಕಾಗದದ ಲೋಟದಲ್ಲಿ ಕಾಫಿ ತಳ್ಳಿ, ಎಲ್ಲ ಕೇಳಿದ. ಹುಣಸೆಹಣ್ಣು ಎಂದರೆ ಏನೆಂದು ಬರೆಸಿಕೊಂಡ. ನಾನು ಕೇಳಿದೆ, ನಮ್ಮ ಅತ್ತೆ ಇಲ್ಲೇ ಇದ್ದಿದ್ದರೆ ಅವರನ್ನು ಏನು ಮಾಡುತ್ತಿದ್ದಿರಿ ಎಂದು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದಾಗ, 'ತೊಳೆಯಬೇಡಿ ಎಂದು ಕೇಳಿಕೊಳ್ಳುತ್ತಿದ್ದೆವು' ಎಂದ. ಇದಕ್ಕೆ ಯಾರನ್ನೂ ದೇಶದಿಂದ ಕಳಿಸುವುದಿಲ್ಲ ಮೇಡಂ, ಪೊಲೀಸರಿಗೆ ನಾನೇ ತಿಳಿಸುತ್ತೇನೆ ಎಂದ. ಕಾಲನ್ನು ಮತ್ತೆ ಮೊದಲಿನ ಬಣ್ಣಕ್ಕೆ ತರುತ್ತೇವೆ ಎಂದ. ದಯವಿಟ್ಟು ಗುರುತೇ ಸಿಗದ ಹಾಗೆ ಮಾಡಿ ಎಂದು ನಾನು ಕೈ ಮುಗಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ನನಗೆ ಹಗುರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇಷ್ಟೇ ಆಗಿದ್ದರೆ ಅತ್ತೆಯನ್ನು ಯಾಕೆ ಕಳಿಸಿದೆ?

ಮರೈಕೆಗೂ ಹೇಳಿದೆ. ಬೀದಿಯ ಗುಂಪಿಗೂ ನನ್ನ ಹೆಸರಿನಲ್ಲೇ ಬರೆದು ಹಾಕಿದೆ. ಮರೈಕೆ ಬಾಗಿಲಲ್ಲಿ ನಿಂತೇ ಕೇಳಿದಳು, 'ನಿನಗೆ ಗೊತ್ತಾಗಿ ಎಷ್ಟು ದಿನವಾಯಿತು?'

'ಹನ್ನೆರಡು ದಿನ,' ಎಂದೆ.

ಅವಳು ತಲೆಯಾಡಿಸಿ ಬಾಗಿಲು ಮುಚ್ಚಿಕೊಂಡಳು. ಈಗ ಸಿಕ್ಕರೆ ನಮಸ್ಕಾರ ಹೇಳುತ್ತಾಳೆ, ಅಷ್ಟೇ.

ಮಹಾಂತೇಶ ಮನೆಗೆ ಬಂದ. ನಡೆಯುವುದನ್ನು ಹೊಸದಾಗಿ ಕಲಿತ. ದಿನಾ ವಿಡಿಯೋದಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದ. ಅತ್ತೆ ಒಮ್ಮೆಯೂ ಪ್ರತಿಮೆಯ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ರಜೆಗೆ ಬರುತ್ತೇನೆ ಎಂದು ಅವನು ಹೇಳುತ್ತಿದ್ದ. ಮುಂದಿನ ಬೇಸಿಗೆಯಲ್ಲಿ ಎರಡನೆಯ ಅಲೆ ಬಂತು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕ ದಿನವೇ ಅತ್ತೆ ಹೋದರು. ಇಲ್ಲಿಂದ ಆಗ ಹೊರಡಲಾಗಲಿಲ್ಲ. ಮಹಾಂತೇಶ ಅವ್ವನನ್ನು ಮಣ್ಣು ಮಾಡುವುದನ್ನು ಫೋನಿ‌ನಲ್ಲಿ ನೋಡಿದ. ನಡುವೆ ಎರಡು ಸಲ ಸಿಗ್ನಲ್ ಹೋಯಿತು.

ಅವನಿಗೆ ನಾನು ನಿಜ ಹೇಳಲಿಲ್ಲ. ಗುಂಪಿನ ಹಳೆಯ ಸಂದೇಶಗಳನ್ನು ಅವನು ನೋಡಿರಲಿಲ್ಲ, ಡಚ್ ಅವನಿಗೆ ಆಗ ಅಷ್ಟು ಬರುತ್ತಲೂ ಇರಲಿಲ್ಲ. ಖಮೇಂಟೆ ಏನೂ ಮಾಡದ ಮೇಲೂ ನನ್ನ ಹೆದರಿಕೆ ಹೋಗಿರಲಿಲ್ಲ. ಅದು ಹೊರಗಿನ ಊರಿನಿಂದ ಎದ್ದು ಬಂದು ಮನೆಯೊಳಗೆ, ಊಟದ ಮೇಜಿನ ಆಚೆ ಬದಿಗೆ ಕೂತಿತ್ತು.

ಈ ವರ್ಷ ನಾವು ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ಒಂದು ಹಾಳೆಗೆ ಸಹಿ ಮಾಡಬೇಕು: ಈ ದೇಶದಲ್ಲಿ ನಾನು ಯಾವ ಅಪರಾಧವನ್ನೂ ಮಾಡಿಲ್ಲ. ಹೋದ ಭಾನುವಾರ ಮಧ್ಯಾಹ್ನ ಮಹಾಂತೇಶ ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದಾಗ ನನಗೆ ಅದನ್ನು ಹಿಡಿಯಲಾಗಲಿಲ್ಲ. ಎಲ್ಲ ಹೇಳಿದೆ. ಇಲ್ಲಿ ಬರೆದ ಹಾಗೆಯೇ, ಮೊದಲಿನಿಂದ. ಮುಂದಿನ ವಾರವೇ ಇನ್ನೊಂದು ವಿಮಾನ ಇತ್ತೆಂಬುದನ್ನೂ ಹೇಳಿದೆ.

ಅವನು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದ. ನಾನೂ ಹಿಂದೆಯೇ ಹೋದೆ. ಚೌಕದಲ್ಲಿ ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿದ್ದರು.

"ಯಾವ ಕಾಲು?"

"ಬಲಗಾಲು."

ಅವನು ಕಟ್ಟೆಯ ಮುಂದೆ ಮೊಣಕಾಲೂರಿ ಕೂತ. ಬಲಗಾಲನ್ನು ನೋಡಿದ, ಎಡಗಾಲನ್ನು ನೋಡಿದ, ಮತ್ತೆ ಬಲಗಾಲನ್ನು ನೋಡಿದ. ಕೆಲಸದವರು ಬಹಳ ಚೆನ್ನಾಗಿ ಮಾಡಿದ್ದರು. ಹೆಬ್ಬೆರಳು, ಹಿಮ್ಮಡಿ, ಬೆರಳ ಸಂದಿ, ಎಲ್ಲ ಕಡೆ ಒಂದೇ ಹಸಿರು. ಅವನು ಬೆರಳ ಸಂದಿಯಲ್ಲಿ ಉಗುರು ಹಾಕಿ ನೋಡಿದ. ಅಲ್ಲೂ ಏನೂ ಉಳಿದಿರಲಿಲ್ಲ. ಗುರುತೇ ಸಿಗದ ಹಾಗೆ ಮಾಡಿ ಎಂದು ಕೈ ಮುಗಿದವಳು ನಾನೇ ಎಂಬುದನ್ನೂ ಆಗಲೇ ಹೇಳಿದೆ.

ಅವನು ತಿರುಗದೆ ಕೇಳಿದ, "ನೀ ಯಾರಿಗೆ ಹೆದರಿದ್ದಿ?"

ಒಂದು ಹೆಸರು ಹೇಳಬೇಕೆಂದು ಬಾಯಿ ತೆರೆದೆ. ಪೊಲೀಸರು ನಮ್ಮ ಮನೆಯ ಗಂಟೆ ಬಾರಿಸಿರಲಿಲ್ಲ. ಖಮೇಂಟೆಯವನು ಕಾಫಿ ಕೊಟ್ಟಿದ್ದ. ಬೀದಿಯವರು ನನ್ನ ಕಡೆ ಬೆರಳು ತೋರಿಸಿರಲೇ ಇಲ್ಲ.

"ಯಾರಿಗೂ ಅಲ್ಲ," ಎಂದೆ.

"ಯಾರಿಗೂ ಅಲ್ಲ," ಎಂದು ಅವನೂ ಹೇಳಿದ. ಸ್ವಲ್ಪ ಹೊತ್ತು ಆ ಪಾದವನ್ನು ಹಿಡಿದುಕೊಂಡೇ ಕೂತಿದ್ದು, ಎದ್ದು ಮನೆಯ ಕಡೆ ನಡೆದ.

ಅವನು ತನ್ನ ಹಾಳೆಗೆ ಅವತ್ತು ಸಂಜೆಯೇ ಸಹಿ ಮಾಡಿದ. ಅವ್ವ ಇಲ್ಲದ ಊರಿಗೆ ಯಾಕ ಹೋಗ್ಲಿ ಎಂದ. ನನ್ನ ಹಾಳೆ ಇನ್ನೂ ಮೇಜಿನ ಮೇಲಿದೆ. ಯಾರೂ ಹೆದರಿಸದೆಯೇ ನಾನು ಇಷ್ಟು ವರ್ಷ ಹೆದರಿ ಬದುಕಿದ ಈ ಊರನ್ನು ನನ್ನದು ಎಂದು ಬರೆದುಕೊಡಲು ಕೈ ಏಳುತ್ತಿಲ್ಲ. ವಾಪಸು ಹೋದರೆ, ಬಾಗಲಕೋಟೆಯ ಆ ಮನೆಗೆ ನಾನು ಯಾವ ಮುಖ ಹೊತ್ತು ಹೋಗಲಿ?